ಎಂಟು ಮತ ಕಡಿಮೆ

ಅಧ್ಯಕ್ಷೆ ಮಾರ್ಗರೆಟ್ ಡನಿಗನ್ ಆ ಕಾನೂನಿಗೆ ಸಹಿ ಹಾಕುವುದನ್ನು ಡೆಲ್ಲಾ ವಾಚೆಕ್ ಯೂನಿಯನ್ ಹಾಲಿನ ಟಿವಿಯಲ್ಲಿ ನಿಂತುಕೊಂಡೇ ನೋಡಿದಳು. ಹಾಲಿನಲ್ಲಿ ಕುರ್ಚಿಗಳಿಗೇನೂ ಬರವಿರಲಿಲ್ಲ. ಆದರೆ ಅಲ್ಲಿ ಕೂತಿದ್ದ ರೈಲು ಕೆಲಸಗಾರರಲ್ಲಿ ಒಬ್ಬರೂ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಕೋಟು ಎತ್ತಿಕೊಂಡು ಅವಳಿಗೆ ಜಾಗ ಮಾಡಿಕೊಡಲಿಲ್ಲ. ಇಪ್ಪತ್ತು ವರ್ಷದಿಂದ ಅವಳ ಜೊತೆ ದುಡಿದವರು, ಮೂರು ಸಲ ಅವಳನ್ನೇ ಯೂನಿಯನ್ನಿನ ಮುಖ್ಯಸ್ಥೆಯಾಗಿ ಆರಿಸಿದವರು.

ಡಿಸೆಂಬರ್ ತಿಂಗಳು. ಪ್ಲ್ಯಾಟ್ ನದಿಯ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಹಾಲಿನ ಕಿಟಕಿಗಳು ಗಡಗಡಿಸುತ್ತಿದ್ದವು. ಟಿವಿಯಲ್ಲಿ ಅಧ್ಯಕ್ಷೆ ಇದು ತನ್ನ ಪಾಲಿಗೆ ಬಹಳ ಕಷ್ಟದ ತೀರ್ಮಾನ ಅಂದರು. ಕ್ರಿಸ್‌ಮಸ್ ಹೊಸ್ತಿಲಲ್ಲಿ ದೇಶದ ರೈಲು ನಿಂತರೆ ಅಂಗಡಿ ಖಾಲಿಯಾಗುತ್ತದೆ, ಕುಡಿಯುವ ನೀರಿಗೆ ಹಾಕುವ ಔಷಧಿಯೂ ಊರುಗಳಿಗೆ ತಲುಪುವುದಿಲ್ಲ ಅಂದರು. ಕಾಯಿಲೆ ರಜೆಯ ಹೋರಾಟ ತಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ ಅಂದರು. ಆಮೇಲೆ ಸಹಿ ಹಾಕಿದರು. ಅಷ್ಟಕ್ಕೆ, ಕೆಲಸಗಾರರು ಮತ ಹಾಕಿ ತಿರಸ್ಕರಿಸಿದ್ದ ಕಂಪನಿಯ ಒಪ್ಪಂದವೇ ಅವರ ತಲೆಯ ಮೇಲೆ ಬಂದು ಕೂತಿತು, ಮುಷ್ಕರ ಹೂಡುವುದು ಅಪರಾಧವಾಯಿತು. ಸಂಬಳ ಏರಿಸಿದ್ದರು, ನಿಜ. ಕಾಯಿಲೆ ರಜೆ ಮಾತ್ರ ಒಂದು ದಿನವೂ ಇರಲಿಲ್ಲ.

ರೈಲು ಯಾರ್ಡಿನಲ್ಲಿ ಹಳಿ ಬದಲಿಸುವ ಕೆಲಸ ಮಾಡುವ ರೋಯ್ಸ್ ಕಿಂಬಲ್ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ಅವಳನ್ನು ನೋಡಿದ.

"ಏನ್ ಲೀಡರಮ್ಮ, ನಿನ್ ಗೆಳತಿ ಸಹಿ ಚೆನ್ನಾಗಿದೆ. ಎಷ್ಟು ದುಂಡಗೆ ಹಾಕ್ತಾಳೆ ನೋಡು."

ಡೆಲ್ಲಾ ಕೋಟಿನ ಗುಂಡಿ ಹಾಕಿಕೊಂಡು ಬಾಗಿಲ ಕಡೆ ನಡೆದಳು.

ಲಿಂಡೆನ್ ಫೋರ್ಕ್ಸ್ ಎಂಬ ಆ ಊರಿನಲ್ಲಿ ಗೂಡ್ಸ್ ರೈಲಿನವರ ಬದುಕು ಫೋನಿಗೆ ಕಟ್ಟಿದ ಬದುಕಾಗಿತ್ತು. ಯಾವ ಹೊತ್ತಿಗೆ ಬೇಕಾದರೂ ಕಂಪನಿಯಿಂದ ಕರೆ ಬರುತ್ತಿತ್ತು, ಬಂದರೆ ಹೊರಡಬೇಕಿತ್ತು. ಪ್ರತಿಯೊಬ್ಬರ ಹೆಸರಿಗೂ ಒಂದಿಷ್ಟು ಅಂಕ ಕೊಟ್ಟಿದ್ದರು. ಜ್ವರ ಅಂದರೆ ಅಂಕ ಹೋಯಿತು, ಹೆಂಡತಿಗೆ ಹೆರಿಗೆ ಅಂದರೂ ಹೋಯಿತು. ಅಂಕ ಮುಗಿದ ದಿನ ಕೆಲಸವೂ ಮುಗಿಯಿತು. ಹೀಗಾಗಿ ಗಂಡಸರು ಹಲ್ಲುನೋವು, ಮೊಣಕಾಲು ನೋವು, ಎದೆ ಉರಿ ಎಲ್ಲವನ್ನೂ ಎಂಜಿನ್ನಿಗೇ ಹೊತ್ತು ತರುತ್ತಿದ್ದರು.

ಡನಿಗನ್ ಇನ್ನೂ ಚುನಾವಣೆಗೆ ನಿಂತಿದ್ದಾಗ ಇದೇ ಹಾಲಿಗೆ ಬಂದಿದ್ದರು. ಏಪ್ರಿಕಾಟ್ ಹಣ್ಣು ತುಂಬಿದ ಕೊಲಾಚೆ ಬನ್ನು ತಿಂದು, ಬೆರಳು ನೆಕ್ಕಿ, ತಮ್ಮಪ್ಪ ರೈಲಿನಲ್ಲಿ ಬ್ರೇಕ್‌ಮನ್ ಆಗಿದ್ದ ಕತೆ ಹೇಳಿದ್ದರು. ನ್ಯುಮೋನಿಯಾ ಬಂದರೂ ಅವನು ಕೆಲಸಕ್ಕೆ ಹೋಗುತ್ತಿದ್ದನಂತೆ. ಹೇಳುವಾಗ ಅವರ ಕಣ್ಣು ಒದ್ದೆಯಾಗಿದ್ದು ನಾಟಕವಲ್ಲ ಅಂತ ಡೆಲ್ಲಾ ಆಗಲೂ ನಂಬಿದ್ದಳು, ಈಗಲೂ ನಂಬುತ್ತಿದ್ದಳು. ಅವಳ ಹೊಟ್ಟೆ ಉರಿಸುತ್ತಿದ್ದುದೂ ಅದೇ. ಊರಿದ್ದ ನೆಬ್ರಾಸ್ಕ ರಾಜ್ಯದ ಇಬ್ಬರೂ ಸೆನೆಟರುಗಳು ಕಾಯಿಲೆ ರಜೆ ಕೊಡುವ ಮಸೂದೆಯ ವಿರುದ್ಧ ಮತ ಹಾಕಿದ್ದರು. ಅವರ ಮೇಲೆ ಅವಳಿಗೆ ಅಷ್ಟೇನೂ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೆ ಮೊದಲು ಅವರಿಂದ ಏನನ್ನಾದರೂ ಬಯಸಿರಬೇಕಲ್ಲ.

ಸೆಪ್ಟೆಂಬರಿನಲ್ಲೇ ಯಾರ್ಡು ಮುಷ್ಕರಕ್ಕೆ ತುದಿಗಾಲಲ್ಲಿ ನಿಂತಿತ್ತು. ಮೆಕ್ಕೆಜೋಳದ ಕಟಾವಿನ ಕಾಲ, ಒಂದು ದಿನ ರೈಲು ನಿಂತರೂ ಕಂಪನಿ ಬೆವರುವ ಕಾಲ. ಆಗ ಎದ್ದು ನಿಂತು ತಡೆದವಳು ಡೆಲ್ಲಾ. ಸ್ವಲ್ಪ ತಾಳಿ, ಅಧ್ಯಕ್ಷೆ ನಮ್ಮವರು, ರಜೆಯನ್ನು ಅವರೇ ಒಪ್ಪಂದದೊಳಗೆ ಸೇರಿಸುತ್ತಾರೆ, ನನಗೆ ವಾಷಿಂಗ್ಟನ್ನಿನಿಂದ ಮಾತು ಬಂದಿದೆ ಅಂದಿದ್ದಳು. ರೋಯ್ಸ್ ಕೂಗಾಡಿದ್ದ. ಉಳಿದವರು ಅವಳ ಮುಖ ನೋಡಿ ತಾಳಿದ್ದರು.

ಸಹಿಯಾದ ದಿನ ಅವಳ ಜೊತೆ ಹೊರಗೆ ಬಂದವನು ಗಸ್ ಟೈಕ್‌ಮನ್ ಒಬ್ಬನೇ. ಗಸ್ ಎಂಜಿನ್ ಡ್ರೈವರ್, ಡೆಲ್ಲಾ ವ್ಯಾಗನ್ನುಗಳ ಜವಾಬ್ದಾರಿ ಹೊತ್ತ ಕಂಡಕ್ಟರ್. ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಎಂಜಿನ್ನಿನ ಕ್ಯಾಬಿನಲ್ಲಿ ಕೂತು ಬಯಲು ದಾಟಿದವರು. ದೊಡ್ಡ ಮೈಯಿನ, ಕಡಿಮೆ ಮಾತಿನ ಮನುಷ್ಯ ಅವನು. ಅವಳ ಪಿಕಪ್ಪಿನ ಗಾಜಿನ ಮೇಲಿನ ಹಿಮವನ್ನು ಕೈಯಿಂದಲೇ ಒರೆಸಿದ. ಎಡಗೈ ಸರಿಯಾಗಿ ಮಡಚುತ್ತಿರಲಿಲ್ಲ ಅನ್ನುವುದನ್ನು ಡೆಲ್ಲಾ ಗಮನಿಸಿದಳು. ಏನದು ಅಂತ ಕೇಳಿದಳು. ಶರತ್ಕಾಲದಿಂದ ಜೋಮು ಹಿಡಿದ ಹಾಗೆ ಆಗುತ್ತೆ, ಡಾಕ್ಟರ ಹತ್ತಿರ ದಿನ ಗೊತ್ತುಮಾಡಿ ಎರಡು ಸಲ ತಪ್ಪಿಹೋಯಿತು, ಎರಡು ಸಲವೂ ಬೆಳಿಗ್ಗೆಯೇ ರೈಲಿಗೆ ಕರೆ ಬಂತು ಅಂದ. ಜನವರಿಯಲ್ಲಿ ಮತ್ತೆ ಒಂದು ದಿನ ಕೊಟ್ಟಿದ್ದಾರಂತೆ.

ಜನವರಿಯಲ್ಲಿ ಆ ದಿನ ಬಂತು. ಕಂಪನಿಯ ಫೋನೂ ಬಂತು. ಗಸ್‌ನ ಅಂಕಗಳು ತಳ ಕಂಡಿದ್ದವು, ಪಿಂಚಣಿಗೆ ಇನ್ನು ಎರಡೇ ವರ್ಷ ಇತ್ತು. ಅವನ ಹೆಂಡತಿ ಇರ್ಮಾ ಬಾಗಿಲಿಗೆ ಅಡ್ಡ ನಿಂತು ಜಗಳವಾಡಿದಳಂತೆ. ಅವನು ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಊಟದ ಡಬ್ಬಿ ಎತ್ತಿಕೊಂಡು ಹೊರಟ.

ರೈಲು ಒಂದೂವರೆ ಮೈಲಿ ಉದ್ದವಿತ್ತು, ವ್ಯಾಗನ್ನಿನ ತುಂಬ ಜೋಳ. ಊರು ಬಿಟ್ಟು ಎರಡು ಗಂಟೆಯಾಗಿರಬಹುದು. ಗಸ್ ಏನೋ ಕೇಳಿದ. ಡೆಲ್ಲಾಳಿಗೆ ಅರ್ಥವಾಗಲಿಲ್ಲ. ತಿರುಗಿ ನೋಡಿದರೆ ಅವನ ಬಾಯಿಯ ಒಂದು ಕೊನೆ ಕೆಳಗೆ ಜಾರಿತ್ತು. ಎಡಗೈ ತೊಡೆಯ ಮೇಲೆ ಬೇರೆ ಯಾರದೋ ವಸ್ತುವಿನ ಹಾಗೆ ಬಿದ್ದಿತ್ತು. ಅವಳು ಬ್ರೇಕು ಎಳೆದಳು. ಅಷ್ಟು ಉದ್ದದ ರೈಲು ನಿಲ್ಲಲು ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡಿತು. ನಿಂತ ಮೇಲೆ ನೋಡಿದರೆ ಸುತ್ತ ಬರೀ ಹಿಮ, ದೂರದಲ್ಲೊಂದು ಧಾನ್ಯ ತುಂಬಿಡುವ ಗೋಪುರ.

ಆಂಬ್ಯುಲೆನ್ಸ್ ಬೇಗನೇ ಬಂತು. ಆದರೆ ಬಂದದ್ದು ಹಳಿಯ ಆ ಬದಿಗೆ. ಆ ಬದಿಯಲ್ಲಿ ಎಂಜಿನ್ನಿನವರೆಗೂ ಆಳವಾದ ಚರಂಡಿ. ಎಂಜಿನ್ನಿಗೆ ಬರುವ ದಾರಿ ಇದ್ದದ್ದು ಈ ಬದಿಯಲ್ಲಿ. ಹಳಿ ದಾಟುವ ರಸ್ತೆಯ ಮೇಲೆ ಅವರದೇ ವ್ಯಾಗನ್ನುಗಳು ನಿಂತುಬಿಟ್ಟಿದ್ದವು. ಗಸ್‌ನಂಥ ಆಳನ್ನು ಸ್ಟ್ರೆಚರಿನಲ್ಲಿ ಹೊತ್ತು ಎರಡು ವ್ಯಾಗನ್ನುಗಳ ಸಂದಿಯಲ್ಲಿ ಹತ್ತಿಳಿಯುವುದು ಆಗದ ಮಾತು. ಡೆಲ್ಲಾ ರೇಡಿಯೋದಲ್ಲಿ ಕಂಪನಿಯ ಕಂಟ್ರೋಲ್ ರೂಮಿಗೆ ಹೇಳಿದಳು. ಮ್ಯಾನೇಜರು ಕಾರಿನಲ್ಲಿ ಹೊರಟಿದ್ದಾರೆ, ಅವರು ಬರುವ ತನಕ ರೈಲನ್ನು ಮುಟ್ಟಬೇಡಿ ಅಂತ ಉತ್ತರ ಬಂತು.

ಅವಳು ಮುಟ್ಟಿದಳು. ಮೊಣಕಾಲುದ್ದ ಹಿಮದಲ್ಲಿ ಹಿಂದಕ್ಕೆ ನಡೆದುಹೋಗಿ, ರಸ್ತೆಯಾಚೆಯ ವ್ಯಾಗನ್ನುಗಳ ಕೈಬ್ರೇಕು ಬಿಗಿದು, ಕೊಂಡಿ ಬಿಡಿಸಿ, ಏದುಸಿರು ಬಿಡುತ್ತ ಎಂಜಿನ್ನಿಗೆ ವಾಪಸು ಬಂದಳು. ಎಂಜಿನ್ ಓಡಿಸುವ ಪರವಾನಗಿ ಅವಳಿಗಿರಲಿಲ್ಲ. ನೆಲದ ಮೇಲೆ ತನ್ನ ಕೋಟು ಹಾಸಿ ಗಸ್‌ನನ್ನು ಮಲಗಿಸಿ, ಅವನ ಕುರ್ಚಿಯಲ್ಲಿ ತಾನು ಕೂತು, ಅವನು ಮಾಡುತ್ತಿದ್ದ ಹಾಗೇ ಮಾಡಿದಳು. ಎಂಜಿನ್ ಜಗ್ಗಿತು, ಮುಂದೆ ಸರಿಯಿತು, ರಸ್ತೆ ತೆರೆಯಿತು.

ಗಸ್ ಉಳಿದ. ಅರ್ಧ ಮೈ ಉಳಿಯಲಿಲ್ಲ. ಕೈಯ ಜೋಮು ಶುರುವಾದಾಗಲೇ ತೋರಿಸಿದ್ದರೆ ಒಂದು ಮಾತ್ರೆಯಲ್ಲಿ ಹೋಗುತ್ತಿತ್ತೇನೋ ಅಂತ ಡಾಕ್ಟರು ಇರ್ಮಾಳಿಗೆ ಹೇಳಿದರು. ಆ ಮಾತನ್ನು ಅವರು ಹೇಳದೆ ಇದ್ದಿದ್ದರೇ ಚೆನ್ನಾಗಿತ್ತು.

ಹದಿನೈದು ದಿನದಲ್ಲಿ ಡೆಲ್ಲಾಳಿಗೆ ಕಂಪನಿಯ ನೋಟಿಸು ಬಂತು. ಪರವಾನಗಿಯಿಲ್ಲದೆ ಎಂಜಿನ್ ಓಡಿಸಿದ್ದು, ಕಂಟ್ರೋಲಿನ ಆಜ್ಞೆ ಮೀರಿ ರೈಲು ತುಂಡು ಮಾಡಿದ್ದು. ವಿಚಾರಣೆ ಏಪ್ರಿಲಿನಲ್ಲಿ, ತಪ್ಪು ಸಾಬೀತಾದರೆ ಕೆಲಸ ಇಲ್ಲ.

ಮಾರ್ಚಿನಲ್ಲಿ ವಾಷಿಂಗ್ಟನ್ನಿನಿಂದ ಫೋನು ಬಂತು. ಮಾತಾಡಿದವಳು ಕೆಂಡ್ರಾ ಆಷ್‌ಬಿ, ಅಧ್ಯಕ್ಷೆಯ ಕಚೇರಿಯಲ್ಲಿ ಕಾರ್ಮಿಕರ ವಿಷಯ ನೋಡಿಕೊಳ್ಳುವವಳು. ಸೆಪ್ಟೆಂಬರಿನಲ್ಲಿ ಡೆಲ್ಲಾಳಿಗೆ ಮಾತು ಕೊಟ್ಟವಳೂ ಅವಳೇ. ಒಮಾಹಾದಲ್ಲಿ ಮಿಸ್ಸೂರಿ ನದಿಗೆ ಹೊಸ ರೈಲು ಸೇತುವೆಯ ಕೆಲಸ ಶುರು ಮಾಡಿಸಲು ಅಧ್ಯಕ್ಷೆ ಬರುತ್ತಿದ್ದಾರೆ, ತನ್ನ ಡ್ರೈವರನ ಜೀವ ಉಳಿಸಿದ ಕಂಡಕ್ಟರ್ ವೇದಿಕೆಯಲ್ಲಿ ಅವರ ಹಿಂದೆ ನಿಂತರೆ ಅವರಿಗೆ ಬಹಳ ಸಂತೋಷವಾಗುತ್ತೆ ಅಂದಳು. ಡೆಲ್ಲಾ ಫೋನು ಕುಕ್ಕಿದಳು. ವಿಷಯ ಕೇಳಿದ ಇರ್ಮಾ ಮಾತ್ರ ಹೋಗು ಅಂದಳು. ಆಸ್ಪತ್ರೆಯಿಂದ ಬಂದ ಗಸ್‌ಗೆ ಅವಳು ಚಮಚದಲ್ಲಿ ಸೂಪು ಕುಡಿಸುತ್ತಿದ್ದಳು, ತಲೆಯೆತ್ತಲಿಲ್ಲ.

"ಹೋಗು. ನಾನಂತೂ ಈ ಮನೆ ಬಿಟ್ಟು ಕದಲೋ ಹಾಗಿಲ್ಲ. ನೀನಾದ್ರೂ ಹೋಗಿ ಆ ಹೆಂಗಸಿನ ಮುಖ ನೋಡ್ಕೊಂಡು ಕೇಳು."

ಒಮಾಹಾದ ನದಿ ದಡದಲ್ಲಿ ಡೇರೆ ಹಾಕಿದ್ದರು, ಒಳಗೆ ಹೀಟರು ಉರಿಯುತ್ತಿತ್ತು. ಕೆಂಡ್ರಾ ಆಷ್‌ಬಿ ಡೆಲ್ಲಾ ಅಂದುಕೊಂಡಿದ್ದಂಥ ನಯನಾಜೂಕಿನವಳಾಗಿರಲಿಲ್ಲ. ನಲವತ್ತರ ಸೊರಗಿದ ಹೆಂಗಸು, ಮೂಗು ಕೆಂಪಗಾಗಿತ್ತು, ಮಾತಿಗೊಮ್ಮೆ ಕೆಮ್ಮುತ್ತಿದ್ದಳು. ಕಾಫಿ ತಂದುಕೊಟ್ಟು, ಎಲ್ಲಿ ನಿಲ್ಲಬೇಕು, ಯಾವಾಗ ಚಪ್ಪಾಳೆ ತಟ್ಟಬೇಕು ಅಂತ ಹೇಳತೊಡಗಿದಳು. ಡೆಲ್ಲಾ ಕಾಫಿಯನ್ನು ಮುಟ್ಟಲಿಲ್ಲ. ಸೆಪ್ಟೆಂಬರಿನಲ್ಲಿ ನನ್ನ ಕೈಯಲ್ಲಿ ನನ್ನ ಜನಕ್ಕೆ ಸುಳ್ಳು ಹೇಳಿಸಿದೆಯಲ್ಲ ಅಂತ ಕೇಳಿದಳು.

ಕೆಂಡ್ರಾ ಕಾಗದಗಳನ್ನು ಪಕ್ಕಕ್ಕಿಟ್ಟಳು.

"ಸುಳ್ಳಲ್ಲ. ಆಗುತ್ತೆ ಅಂತ್ಲೇ ಅಂದ್ಕೊಂಡಿದ್ವಿ. ಸೆನೆಟ್‌ನಲ್ಲಿ ಎಂಟು ಮತ ಕಡಿಮೆ ಬಿತ್ತು. ಅಧ್ಯಕ್ಷೆ ಕೈಲಿ ಪೆನ್ನಿದೆ, ಆ ಎಂಟು ಜನ ಇಲ್ಲ. ನಿಮ್ಮ ರಾಜ್ಯದ ಇಬ್ರೂ ವಿರುದ್ಧ ಹಾಕಿದ್ರು. ಅವ್ರ ಆಫೀಸಿನ ಮುಂದೆ ನಿಮ್ಮೋರು ಎಷ್ಟು ಜನ ಹೋಗಿ ನಿಂತಿದ್ರಿ?"

ಆ ಏಟು ಡೆಲ್ಲಾಳಿಗೆ ತಾಗಿತು. ಒಬ್ಬರೂ ನಿಂತಿರಲಿಲ್ಲ.

"ಯಾರೂ ನಿಂತಿಲ್ಲ. ಯಾಕಂದ್ರೆ ನೀವು ನೋಡ್ಕೋತೀವಿ ಅಂದ್ರಿ, ನಾನು ನಂಬ್ದೆ. ಹೋಗ್ಲಿ, ಅದು ನನ್ನ ತಪ್ಪು. ಆದ್ರೆ ಒಂದು ಹೇಳಮ್ಮ. ರಜೆ ಕೊಡಿಸೋಕೆ ಅಧ್ಯಕ್ಷೆ ಕೈ ಕಟ್ಟಿತ್ತು, ಸರಿ. ಮುಷ್ಕರ ಮುರಿಯೋಕೆ ಅದೇ ಕೈ ಹೇಗೆ ಬಿಚ್ಕೊಳ್ತು?"

"ನಾವು ಮುರೀದಿದ್ರೆ ಆ ವಿರೋಧ ಪಕ್ಷದೋರೇ ಮುರೀತಿದ್ರು. ಮೂರು ದಿನ ಆಗೋಕೆ ಬಿಡ್ತಿರ್ಲಿಲ್ಲ. ನಿಮಗೆ ಸಂಬಳನೂ ಏರ್ತಿರ್ಲಿಲ್ಲ, ಮುಂದಿನ ಚುನಾವಣೇಲಿ ನಾವೂ ಇರ್ತಿರ್ಲಿಲ್ಲ."

"ಮುರೀಲಿ. ಅವ್ರ ಕೈಯಿಂದ್ಲೇ ಮುರೀಲಿ. ಆಗ ನಮ್ಮ ಹುಡುಗ್ರಿಗೆ ಯಾರು ತಮ್ಮೋರು ಯಾರು ಅಲ್ಲ ಅಂತಾದ್ರೂ ಗೊತ್ತಾಗ್ತಿತ್ತು. ಈಗ ಅವ್ರಿಗೆ ನಾನೂ ಒಂದೇ, ಆ ಇಬ್ಬರು ಸೆನೆಟರೂ ಒಂದೇ, ನಿನ್ನ ಅಧ್ಯಕ್ಷೆನೂ ಒಂದೇ."

ಕೆಂಡ್ರಾ ಏನೋ ಹೇಳಲು ಹೊರಟವಳು ಕೆಮ್ಮು ಬಂದು ನಿಲ್ಲಿಸಿದಳು. ಅಷ್ಟರಲ್ಲಿ ಡೇರೆಯ ಬಾಗಿಲ ಬಟ್ಟೆ ಸರಿಯಿತು. ಕಪ್ಪು ಕೋಟಿನ ಕಾವಲಿನವರ ನಡುವೆ ಅಧ್ಯಕ್ಷೆ ಬಂದರು. ಟಿವಿಯಲ್ಲಿ ಕಂಡದ್ದಕ್ಕಿಂತ ಗಿಡ್ಡಗಿದ್ದರು. ನೇರ ಬಂದು ಡೆಲ್ಲಾಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಗಸ್‌ನ ಹೆಸರು ಹೇಳಿ ಹೇಗಿದ್ದಾನೆ ಅಂತ ಕೇಳಿದರು, ಇರ್ಮಾಳ ಹೆಸರನ್ನೂ ಹೇಳಿದರು. ಅವರ ಅಂಗೈ ಬೆಚ್ಚಗಿತ್ತು.

ಡೆಲ್ಲಾ ಸೇತುವೆಯ ಮಾತಾಡಲಿಲ್ಲ, ರಜೆಯ ಮಾತೂ ಆಡಲಿಲ್ಲ. ಮುಂದಿನ ತಿಂಗಳು ತನ್ನ ವಿಚಾರಣೆ ಇದೆ, ಗಸ್‌ನ ಜೀವ ಉಳಿಸಿದ್ದೇ ತನ್ನ ಅಪರಾಧ, ಕಂಪನಿಯ ಮುಖ್ಯಸ್ಥನಿಗೆ ನೀವೊಂದು ಫೋನು ಮಾಡಿದರೆ ಸಾಕು ಅಂದಳು.

ಅಧ್ಯಕ್ಷೆಯ ಮುಖದಲ್ಲಿ ನಿಜವಾದ ಸಂಕಟ ಕಾಣಿಸಿತು.

"ಕಂಪನಿಯ ಒಳಗಿನ ವಿಚಾರಣೇಲಿ ನಾನು ಕೈ ಹಾಕೋ ಹಾಗಿಲ್ಲ, ಡೆಲ್ಲಾ. ಕಾನೂನು ಅದಕ್ಕೆ ಬಿಡಲ್ಲ."

ಡೆಲ್ಲಾ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಹಾಕ್ಬೇಡಿ ಮೇಡಂ. ನಮ್ಮ ವಿಷಯದಲ್ಲಿ ಇನ್ನು ಕೈ ಹಾಕಲೇಬೇಡಿ."

ಯಾರೂ ಅವಳನ್ನು ತಡೆಯಲಿಲ್ಲ. ಡೇರೆಯ ಹಿಂಬದಿಯಿಂದ ಹೊರಬಿದ್ದು, ಕೆಸರು ತುಳಿಯುತ್ತ ಪಿಕಪ್ಪಿನವರೆಗೆ ನಡೆದಳು. ಹಿಂದೆ ಬ್ಯಾಂಡು ಶುರುವಾಯಿತು. ಊರಿನ ತನಕ ಅವಳು ಹಲ್ಲು ಕಚ್ಚಿಕೊಂಡೇ ಗಾಡಿ ಓಡಿಸಿದಳು. ಆ ಹೆಂಗಸು ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು, ಬಾಯ್ತುಂಬ ಬೈದು ಹಗುರಾಗಬಹುದಿತ್ತು. ಅಷ್ಟು ಎತ್ತರದಲ್ಲಿ ಕೂತವಳಿಗೂ ಅಷ್ಟೇ ಆಗುವುದು ಅಂತಾದರೆ ಆ ಎತ್ತರಕ್ಕೆ ಏರಿಸಲು ತಾನು ಮತ ಕೇಳುತ್ತ ಹಿಮದಲ್ಲಿ ಮನೆಮನೆ ಅಲೆದದ್ದು ಯಾಕೆ? ಆಗುವುದಿಲ್ಲ ಅಂತ ಗೊತ್ತಿದ್ದೂ ಹಾಲಿಗೆ ಬಂದು ಅಪ್ಪನ ಕತೆ ಹೇಳಿದ್ದು ಯಾಕೆ? ಸಿಟ್ಟನ್ನು ಎಲ್ಲಿ ಇಳಿಸಬೇಕು ಅಂತ ತಿಳಿಯದೆ ಅವಳು ಸ್ಟಿಯರಿಂಗಿನ ಮೇಲೆ ಗುದ್ದಿದಳು.

ಅಧ್ಯಕ್ಷೆಯ ಹಿಂದೆ ಅವಳು ನಿಂತಿಲ್ಲ ಅನ್ನುವುದು ಆ ಸಂಜೆಯ ಸುದ್ದಿಯಲ್ಲೇ ಊರಿಗೆ ಗೊತ್ತಾಗಿತ್ತು. ಎರಡು ದಿನ ಬಿಟ್ಟು ರೋಯ್ಸ್ ಕಿಂಬಲ್ ಅವಳ ಮನೆಯ ಮೆಟ್ಟಿಲ ಹತ್ತಿರ ಬಂದು ನಿಂತ. ಟೋಪಿ ತೆಗೆಯಲಿಲ್ಲ, ಕ್ಷಮೆ ಕೇಳಲಿಲ್ಲ.

"ನಿನ್ನ ವಿಚಾರಣೆ ದಿನ ನಂಗೆ ಹುಷಾರಿರಲ್ಲ ಅನ್ಸುತ್ತೆ. ಬೇರೆಯೋರಿಗೂ ಇರಲ್ವೇನೋ."

ಡೆಲ್ಲಾ ಬೆಚ್ಚಿದಳು. ಒಟ್ಟಾಗಿ ಕೆಲಸ ನಿಲ್ಲಿಸಿದರೆ ಯೂನಿಯನ್ನಿಗೆ ದಂಡ, ಹೇಳಿಕೊಟ್ಟವರಿಗೆ ಕೋರ್ಟು. ಅದನ್ನು ಹೇಳಲು ಬಾಯಿ ತೆರೆದಳು. ಅವನು ಬೆರಳೆತ್ತಿ ತಡೆದ.

"ನೀನು ಏನೂ ಕೇಳಿಸ್ಕೊಂಡಿಲ್ಲ ಲೀಡರಮ್ಮ. ಹೋದ ಸಲ ನೀನು ಮಾತಾಡ್ದೆ, ನಾವು ಕೇಳಿದ್ವಿ. ಈ ಸಲ ಸುಮ್ನಿರು."

ಅವಳು ಸುಮ್ಮನಿದ್ದಳು. ಅವಳ ಜೀವಮಾನದಲ್ಲೇ ಅದಕ್ಕಿಂತ ಕಷ್ಟದ ಕೆಲಸ ಅವಳು ಮಾಡಿರಲಿಲ್ಲ.

ವಿಚಾರಣೆಯ ಬೆಳಿಗ್ಗೆ ಕಂಪನಿಯ ಫೋನುಗಳು ಒಂದೇ ಸಮನೆ ಹೊಡೆದುಕೊಂಡವು. ಒಬ್ಬನೂ ಮುಷ್ಕರ ಅನ್ನಲಿಲ್ಲ. ಎಲ್ಲರೂ ಡಾಕ್ಟರ ಹತ್ತಿರ ಹೋಗಿದ್ದರು, ಸುಮ್ಮನೆ ಹೇಳಿಕೊಳ್ಳಲಿಕ್ಕಲ್ಲ, ನಿಜವಾಗಿಯೇ ಹೋಗಿದ್ದರು. ಲಿಂಡೆನ್ ಫೋರ್ಕ್ಸಿನ ಎರಡು ಕ್ಲಿನಿಕ್ಕುಗಳಲ್ಲೂ ಕೂರಲು ಜಾಗವಿರಲಿಲ್ಲ. ಗೋಡೆಗೊರಗಿ ನಿಂತ ಗಂಡಸರು ಒಬ್ಬರಿಗೊಬ್ಬರು ತಮ್ಮ ಬೆನ್ನು, ಮೊಣಕಾಲು, ರಕ್ತ ಬರುವ ವಸಡುಗಳ ವರದಿ ಒಪ್ಪಿಸುತ್ತಿದ್ದರು. ರೋಯ್ಸ್‌ಗೆ ಸಕ್ಕರೆ ಕಾಯಿಲೆ ಇರುವುದು ಆ ದಿನವೇ ಗೊತ್ತಾಯಿತು. ಮತ್ತೊಬ್ಬನನ್ನು ನೇರ ಆಪರೇಷನ್ನಿಗೆ ಕರೆದೊಯ್ದರು. ಮರುದಿನ ಪಕ್ಕದ ಊರಿನ ಯಾರ್ಡಿನವರಿಗೂ ಡಾಕ್ಟರ ನೆನಪಾಯಿತು, ಅದರ ಮರುದಿನ ಕ್ಯಾನ್ಸಸ್‌ನವರಿಗೂ.

ಕಂಪನಿ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ತಂದದ್ದು ಯಾರ ಮೇಲೆ ಜಾರಿ ಮಾಡಬೇಕು ಅನ್ನುವುದು ಅವರ ವಕೀಲರಿಗೂ ತಿಳಿಯಲಿಲ್ಲ, ಯಾಕೆಂದರೆ ಪ್ರತಿಯೊಬ್ಬನ ಬಳಿಯೂ ನಿಜವಾದ ಕಾಯಿಲೆಯ ನಿಜವಾದ ಚೀಟಿ ಇತ್ತು. ಯಾರ್ಡಿನಲ್ಲಿ ಜೋಳದ ವ್ಯಾಗನ್ನುಗಳು ಮುಂದೆ ಹೋಗದೆ ನಿಂತವು. ವಾರ ಕಳೆಯುವುದರೊಳಗೆ ಡೆಲ್ಲಾಳ ವಿಚಾರಣೆ ಒಂದು ಎಚ್ಚರಿಕೆಯ ಕಾಗದದಲ್ಲಿ ಮುಗಿಯಿತು. ಜೂನಿನಲ್ಲಿ ಕಂಪನಿ ವರ್ಷಕ್ಕೆ ನಾಲ್ಕು ದಿನ ಸಂಬಳ ಸಹಿತ ಕಾಯಿಲೆ ರಜೆ ಪ್ರಕಟಿಸಿತು.

ಅಂದು ಮಧ್ಯಾಹ್ನವೇ ಅಧ್ಯಕ್ಷೆ ಟಿವಿಯಲ್ಲಿ ಕಾಣಿಸಿಕೊಂಡರು. ನಾನು ಹೋರಾಟ ಬಿಟ್ಟಿಲ್ಲ ಅಂದಿದ್ದೆ, ಬಿಡಲಿಲ್ಲ ಅಂದರು. ಹಾಲಿನಲ್ಲಿ ಯಾರೋ ಟಿವಿಯ ಕಡೆಗೆ ಬಿಯರ್ ಬಾಟಲಿಯ ಮುಚ್ಚಳ ಎಸೆದರು. ಸಂಜೆ ಕೆಂಡ್ರಾ ಫೋನು ಮಾಡಿದಳು. ಕಂಪನಿಯ ಮೇಲಿನವರ ಜೊತೆ ತಾನು ಮೂರು ತಿಂಗಳಿಂದ ಮಾತಾಡುತ್ತಲೇ ಇದ್ದೆ, ಹೊಗಳಿಕೆಗೆ ಹೇಳುತ್ತಿಲ್ಲ, ನಿಮಗೆ ಗೊತ್ತಿರಲಿ ಅಂತ ಅಂದಳು. ಡೆಲ್ಲಾ ನಂಬಿದಳು. ಕೃತಜ್ಞತೆ ಮಾತ್ರ ಎಷ್ಟು ತಡಕಾಡಿದರೂ ಸಿಗಲಿಲ್ಲ. ಬರೀ ಮಾತುಕತೆಯಿಂದ ಏನೂ ಆಗಿರಲಿಲ್ಲ, ವ್ಯಾಗನ್ನು ನಿಂತ ಮೇಲೆ ಆಯಿತು ಅಂತಷ್ಟೇ ಹೇಳಿ ಫೋನು ಇಟ್ಟಳು.

ಸುದ್ದಿಯನ್ನು ಗಸ್‌ಗೆ ತಾನೇ ಹೇಳಬೇಕು ಅಂತ ಅವರ ಮನೆಗೆ ಹೋದಳು. ಗಸ್ ಹಿಂದಿನ ಜಗಲಿಯಲ್ಲಿ ಗಾಲಿಕುರ್ಚಿಯಲ್ಲಿದ್ದ. ಇರ್ಮಾ ಪಕ್ಕದಲ್ಲಿ ಕೂತು ಹಸಿ ಬಟಾಣಿ ಸುಲಿಯುತ್ತಿದ್ದಳು. ಡೆಲ್ಲಾ ನಾಲ್ಕು ದಿನದ ವಿಷಯ ಹೇಳಿದಳು. ಕ್ಲಿನಿಕ್ಕಿನ ಸಾಲುಗಳ ಬಗ್ಗೆ, ಕ್ಯಾನ್ಸಸ್‌ನವರ ಬಗ್ಗೆ ಹೇಳುವಾಗ ಅವಳಿಗೇ ನಗು ಬಂತು. ಗಸ್ ಪೂರ್ತಿ ಕೇಳಿದ. ಆಮೇಲೆ ಮಾತಾಡಲು ಬಾಯಿಯನ್ನು ಹದಗೊಳಿಸಿಕೊಂಡ. ಅವನ ಮಾತಿಗೆ ಕಾಯುವುದನ್ನು ಎಲ್ಲರೂ ಕಲಿತಿದ್ದರು.

"ಯಾರಿಂದ... ಆಯ್ತು?"

"ನಮ್ಮಿಂದ್ಲೇ ಕಣೋ. ನಮ್ಮ ಹುಡುಗ್ರಿಂದ."

ಅವನ ಸರಿಯಿದ್ದ ಕಣ್ಣು ಅವಳ ಮೇಲೇ ನೆಟ್ಟಿತ್ತು. ಅದರಲ್ಲಿ ಸಂತೋಷವಿರಲಿಲ್ಲ. ಇಷ್ಟು ವರ್ಷದಲ್ಲಿ ಅವನು ಸಿಟ್ಟಾಗಿದ್ದನ್ನು ಅವಳು ನೋಡಿರಲಿಲ್ಲ.

"ಮತ್ತೆ... ಸೆಪ್ಟೆಂಬರಲ್ಲೇ... ಯಾಕೆ ಮಾಡ್ಲಿಲ್ಲ?"

ಇರ್ಮಾಳ ಕೈ ನಿಂತಿತು. ಡೆಲ್ಲಾಳಿಗೆ ಹೇಳಲು ಬೇಕಾದಷ್ಟಿತ್ತು. ಸೆನೆಟ್, ಎಂಟು ಮತ, ಕಾನೂನು, ವಾಷಿಂಗ್ಟನ್ನಿನ ಮಾತು, ಅಧ್ಯಕ್ಷೆಯ ಒದ್ದೆಯಾದ ಕಣ್ಣು. ಅವುಗಳಲ್ಲಿ ಯಾವುದನ್ನೂ ಆ ಕುರ್ಚಿಯ ಮುಂದೆ ಇಡುವ ಹಾಗಿರಲಿಲ್ಲ. ಅವಳು ಬಟಾಣಿಯ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಸಿಪ್ಪೆಗಳನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಸೀಳುತ್ತ, ಗಸ್ ಮುಖ ತಿರುಗಿಸಿಕೊಳ್ಳುವವರೆಗೂ ಅವನ ಎದುರಿನಿಂದ ಏಳದೆ ಕೂತಳು.